ಮೂರು ದಿನದ ವಸತಿ ಎಂದರೆ ಎಷ್ಟು ರಾತ್ರಿ?

ಡಿಸೆಂಬರಿನಲ್ಲಿ ಮೈಸೂರಲ್ಲಿ ಚಳಿ ಇರ್ತದ, ಸ್ವೆಟರ್ ಇಟ್ಕೋ ಅಂತ ಅವ್ವ ಹೇಳಿದ್ದಳು. ಬಕೆಟ್ ಇಟ್ಕೋ ಅಂತ ಯಾರೂ ಹೇಳಿರಲಿಲ್ಲ.

ಹೋಗಿದ್ದು ಸ್ಥಳನಾಮಗಳ ಕುರಿತ ಒಂದು ವಿಚಾರ ಸಮ್ಮೇಳನಕ್ಕೆ. ನಾನು ಹಾವೇರಿ ಜಿಲ್ಲೆಯ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುವವಳು. ಹಾಳ, ಕೊಪ್ಪ, ಗಟ್ಟಿ ಎಂದು ಮುಗಿಯುವ ನಮ್ಮ ಕಡೆಯ ಊರ ಹೆಸರುಗಳನ್ನು ಎರಡು ವರ್ಷದಿಂದ ಹೆಕ್ಕಿಟ್ಟುಕೊಂಡಿದ್ದೆ, ಅದರ ಮೇಲೊಂದು ಪ್ರಬಂಧ ಓದುವುದಿತ್ತು. ಪ್ರಬಂಧ ಚೆನ್ನಾಗಿಯೇ ಆಯಿತು, ಅದರ ಸುದ್ದಿ ಇಲ್ಲಿ ಬೇಡ. ಇದು ಉಳಿದುಕೊಂಡ ಹೋಟೆಲಿನ ಕತೆ. ಹೋಟೆಲಿನ ಹೆಸರಾಗಲಿ ಸಂಘಟಕರ ಹೆಸರಾಗಲಿ ಬರೆಯುವುದಿಲ್ಲ. ಬರೆದರೆ ಜಗಳ ಅವರೊಬ್ಬರದೇ ಆಗಿಬಿಡುತ್ತದೆ, ಆದರೆ ಇದೇ ಪಾಡು ಬೇರೆ ಊರುಗಳಲ್ಲೂ ಪಟ್ಟವರು ನಮ್ಮ ಸ್ಟಾಫ್ ರೂಮಿನಲ್ಲೇ ನಾಲ್ವರಿದ್ದಾರೆ.

ನೋಂದಣಿ ಶುಲ್ಕ 2,000 ರೂಪಾಯಿ. ವಸತಿ ಬೇಕಿದ್ದವರಿಗೆ ಇನ್ನೂ 4,500. ಆಹ್ವಾನ ಪತ್ರದಲ್ಲಿ ಇದ್ದದ್ದು ಇಷ್ಟೇ: 'ಮೂರು ದಿನಗಳ ವಸತಿ, ಇಬ್ಬರಿಗೊಂದು ಕೋಣೆ, ಬೆಳಗಿನ ಉಪಾಹಾರ ಸಹಿತ.' ಫೋನ್‌ಪೇ ಮಾಡಿ ಸ್ಕ್ರೀನ್‌ಶಾಟ್ ಕಳಿಸಿದೆ, ವಾಟ್ಸಾಪಿನಲ್ಲಿ ಒಂದು ಹೆಬ್ಬೆರಳು ಬಂತು. ರಸೀದಿ ಎಂದರೆ ಆ ಹೆಬ್ಬೆರಳೇ. ಹೋಟೆಲಿನ ಹೆಸರು ಹೊರಡುವ ಹಿಂದಿನ ದಿನ ತಿಳಿಯಿತು.

ಇಲ್ಲಿಯೇ ಒಂದು ಮಾತು. 'ಮೂರು ದಿನ' ಎಂಬ ಪದವನ್ನು ನಂಬಬೇಡಿ. ಯಾವ ತಾರೀಖು ಎಷ್ಟು ಗಂಟೆಯಿಂದ ಯಾವ ತಾರೀಖು ಎಷ್ಟು ಗಂಟೆಯವರೆಗೆ ಎಂದು ಬರಹದಲ್ಲಿ ಕೇಳಿ. ಕೇಳಿದರೆ ಏನಂದುಕೊಳ್ಳುತ್ತಾರೋ ಎಂಬ ಸಂಕೋಚ ನನಗೂ ಇತ್ತು. ಅದರ ಬೆಲೆ ಎಷ್ಟೆಂದು ಮುಂದೆ ಹೇಳುತ್ತೇನೆ.

ಗುರುವಾರ ರಾತ್ರಿ ಹಾವೇರಿಯಲ್ಲಿ ರೈಲು ಹತ್ತಿ, ಶುಕ್ರವಾರ ಬೆಳಕು ಹರಿಯುವ ಹೊತ್ತಿಗೆ ಮೈಸೂರಲ್ಲಿ ಇಳಿದೆ. ಹೋಟೆಲಿನ ಕೌಂಟರಿನ ಹಿಂದೆ ಒಂದು ಕಂಬಳಿ ಮಲಗಿತ್ತು. "ಯಾರ್ರೀ" ಎಂದೆ. ಕಂಬಳಿ ಎದ್ದು ಕೂತು, ಕಣ್ಣುಜ್ಜಿ, "ಚೆಕ್ ಇನ್ ಹನ್ನೆರಡು ಗಂಟೆಗೆ" ಎಂದಿತು. ಸಮ್ಮೇಳನದ ಉದ್ಘಾಟನೆ ಹತ್ತಕ್ಕೆ.

ಆಗಲೇ ಲಾಬಿಯ ಸೋಫಾದ ಮೇಲೆ ಕಲಬುರಗಿಯ ಇಬ್ಬರು ಮೇಷ್ಟ್ರು, ಒಬ್ಬರು ನಿವೃತ್ತ ಪ್ರಾಧ್ಯಾಪಕರು ಬ್ಯಾಗು ತಬ್ಬಿಕೊಂಡು ಕೂತಿದ್ದರು. ನಾನು ನಾಲ್ಕನೆಯವಳು. ಎಂಟರ ಹೊತ್ತಿಗೆ ಒಂಬತ್ತು ಜನ ಆದೆವು. ನಮ್ಮ ಎದುರಿಗೇ ಶಾಲಾ ಪ್ರವಾಸದ ಬಸ್ಸೊಂದು ಬಂದು ನಿಂತು, ನೀಲಿ ಸ್ವೆಟರಿನ ಮಕ್ಕಳು ದಡದಡ ಇಳಿದು ಮೆಟ್ಟಿಲು ಹತ್ತಿ ಹೋದರು. ಅವರಿಗೆ ಹನ್ನೆರಡು ಗಂಟೆಯ ನಿಯಮ ಇದ್ದಂತಿರಲಿಲ್ಲ. ಕೇಳಿದ್ದಕ್ಕೆ, "ಅವ್ರು ನಿನ್ನೆಯಿಂದ ಬುಕ್ ಮಾಡಿದಾರೆ ಮೇಡಂ, ನಿಮ್ದು ಇವತ್ತು ಹನ್ನೆರಡರಿಂದ ನಾಡಿದ್ದು ಹನ್ನೆರಡರವರೆಗೆ" ಎಂದರು. ಭಾನುವಾರ ಮಧ್ಯಾಹ್ನದವರೆಗೆ. ನಮ್ಮ ಮೂರು ದಿನ ಹೋಟೆಲಿನ ಪುಸ್ತಕದಲ್ಲಿ ಎರಡು ರಾತ್ರಿ ಆಗಿತ್ತು.

ರೆಸ್ಟೊರೆಂಟಿನ ಕೈತೊಳೆಯುವ ತೊಟ್ಟಿಯಲ್ಲಿ ಮುಖ ತೊಳೆದು, ರೈಲಿನಲ್ಲಿ ಮುದುಡಿದ ಸೀರೆಯನ್ನೇ ಕೈಯಲ್ಲಿ ತಿಕ್ಕಿ ನೇರ ಮಾಡಿಕೊಂಡು ಉದ್ಘಾಟನೆಗೆ ಹೋದೆ. ಹಲ್ಲುಜ್ಜುವಾಗ ಪಕ್ಕದಲ್ಲಿ ಒಬ್ಬರು ಇಡ್ಲಿ ತಿನ್ನುತ್ತಿದ್ದರು. ಅವರ ಕ್ಷಮೆ ಕೇಳುವುದು ಹೇಗೆಂದು ಈಗಲೂ ಗೊತ್ತಿಲ್ಲ. ರಾತ್ರಿ ರೈಲಿನಲ್ಲಿ ಬರುವವರು ರೈಲು ನಿಲ್ದಾಣದ ವೇಟಿಂಗ್ ರೂಮಿನಲ್ಲೇ ಸ್ನಾನ ಮುಗಿಸಿಕೊಂಡು ಬರುವುದು ಉತ್ತಮ. ಟಿಕೆಟ್ಟು ಕೈಯಲ್ಲಿರಲಿ. ನನಗೆ ಇದು ಹೊಳೆದದ್ದು ಹೋಟೆಲಿಗೆ ಬಂದು ಆಟೋದವನಿಗೆ ದುಡ್ಡು ಕೊಟ್ಟ ಮೇಲೆ.

ಸಂಜೆ ಆರಕ್ಕೆ ಮರಳಿದಾಗ ಕೌಂಟರಿನಲ್ಲಿ ಬೇರೊಬ್ಬ ಹುಡುಗ. ಆಧಾರ್ ಕಾರ್ಡು ಕೇಳಿ, ತನ್ನ ಸ್ವಂತ ಮೊಬೈಲಿನಲ್ಲಿ ಹಿಂದೆ ಮುಂದೆ ಫೋಟೊ ಹೊಡೆದುಕೊಂಡ. ನನಗೆ ಇರುಸುಮುರುಸಾಯಿತು, ಆದರೆ ಹನ್ನೆರಡು ತಾಸು ಕೋಣೆ ಕಾಣದವಳಿಗೆ ವಾದ ಮಾಡುವ ತ್ರಾಣ ಇರಲಿಲ್ಲ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಎಂಬುದಿದೆ, ಆಧಾರ್ ಕೊಡುವ ಯುಐಡಿಎಐ ಜಾಲತಾಣದಲ್ಲಿ ಬಿಟ್ಟಿ ಸಿಗುತ್ತದೆ. ಒಂದು ಪ್ರತಿ ಮುದ್ರಿಸಿ ಪರ್ಸಿನಲ್ಲಿಟ್ಟುಕೊಳ್ಳಿ. ಆಮೇಲೆ ಕೋಣೆಗೆ ಸಾವಿರ ರೂಪಾಯಿ ನಗದು ಠೇವಣಿ ಎಂದ. ಆಹ್ವಾನ ಪತ್ರದಲ್ಲಿ ಇದರ ಸುಳಿವೇ ಇರಲಿಲ್ಲ.

ನಂತರ ಕೀಲಿ ಕೊಡಲು ಪಟ್ಟಿ ತೆಗೆದ. ಬೆರಳು ನಿಂತಿತು. ನನ್ನ ಮುಖ ನೋಡಿದ, ಪಟ್ಟಿ ನೋಡಿದ. "ಮೇಡಂ, ನೀವು 211. ನಿಮ್ಮ ಜೊತೆ... ಸರ್ ಆಗಲೇ ರೂಮಲ್ಲಿದಾರೆ."

ಸರ್ ಎಂದರೆ ಕಲಬುರಗಿಯ ಆ ಇಬ್ಬರಲ್ಲಿ ಒಬ್ಬರು. ನನ್ನ ಹೆಸರು ವಿಜಯಾ. ಇಂಗ್ಲಿಷಿನಲ್ಲಿ ಪಟ್ಟಿ ಮಾಡಿದರೆ ಕೊನೆಯ ದೀರ್ಘ ಎಲ್ಲಿ ಉಳಿಯುತ್ತದೆ? ನಾನು ವಿಜಯ ಆಗಿದ್ದೆ. ನೋಂದಣಿ ಅರ್ಜಿಯಲ್ಲಿ ಲಿಂಗ ಕೇಳುವ ಕಲಂ ಇತ್ತು, ತುಂಬಿದ್ದೆ ಕೂಡ, ಆದರೆ ಹೋಟೆಲಿಗೆ ಕಳಿಸಿದ ಪಟ್ಟಿಯಲ್ಲಿ ಆ ಕಲಂ ಇರಲಿಲ್ಲ. ಸ್ಥಳನಾಮಗಳಲ್ಲಿ ಒಂದು ಅಕ್ಷರ ಬಿದ್ದುಹೋದರೆ ಅರ್ಥ ಹೇಗೆ ಬೇರೆಯಾಗುತ್ತದೆ ಎಂಬುದೇ ನನ್ನ ಪ್ರಬಂಧದ ಒಂದು ಭಾಗ. ಉದಾಹರಣೆ ನಾನೇ ಆಗುತ್ತೇನೆಂದು ಎಣಿಸಿರಲಿಲ್ಲ.

ನಗು ಬಂತು, ಜೊತೆಗೇ ಕಣ್ಣಲ್ಲಿ ನೀರೂ ಬಂತು. ಮುಕ್ಕಾಲು ಗಂಟೆ ಫೋನಾಯಿತು. ಸಂಘಟಕರ ಪರವಾಗಿ ಫೋನೆತ್ತಿದವನು ಎಂ.ಎ. ಓದುವ ಹುಡುಗ. ಪಾಪ, ಊಟದ ಕೂಪನ್ನು, ಅತಿಥಿಗಳ ಕಾರು, ಮೈಕು ಎಲ್ಲ ಅವನ ತಲೆಯ ಮೇಲೇ ಇತ್ತು. ಕೊನೆಗೆ 304ರಲ್ಲಿ ಒಂದು ಹಾಸಿಗೆ ಖಾಲಿ ಇದೆಯೆಂದು ತಿಳಿಯಿತು. ಅಲ್ಲಿದ್ದವಳು ಕಾಸರಗೋಡಿನ ಸಂಶೋಧನಾ ವಿದ್ಯಾರ್ಥಿನಿ. ಬಾಗಿಲು ತೆರೆದವಳೇ, "ಅಕ್ಕ, ಬಾಗಿಲು ಮೆಲ್ಲ ಹಾಕಿ, ಚಿಲಕ ಕೈಗೆ ಬರ್ತದೆ" ಎಂದಳು.

ಕೋಣೆಯನ್ನು ಸ್ವಲ್ಪ ತೋರಿಸುತ್ತೇನೆ. ಚಿಲಕಕ್ಕೆ ನಾಲ್ಕು ಸ್ಕ್ರೂ ಇರಬೇಕಾದಲ್ಲಿ ಒಂದೇ ಇತ್ತು. ಅದೂ ಅರ್ಧ ಹೊರಬಂದು, ಚಿಲಕ ಗಡಿಯಾರದ ಲೋಲಕದಂತೆ ತೂಗುತ್ತಿತ್ತು. ಹಾಸಿಗೆಯ ಬಿಳಿ ಚಾದರದ ಮೇಲೆ ಅಂಗೈಯಗಲ ಅರಿಶಿನದ ಕಲೆ, ದಿಂಬಿನ ಮೇಲೆ ನಮ್ಮಿಬ್ಬರದೂ ಅಲ್ಲದ ಒಂದು ಉದ್ದ ಕೂದಲು. ಎರಡು ಹಾಸಿಗೆಗೆ ಒಂದೇ ಟವೆಲ್, ಅದರ ಅಂಚಿನಲ್ಲಿ ಕಂದು ಗುರುತು. ಬಚ್ಚಲಲ್ಲಿ ಬಾಯಿ ಒಡೆದ ಬಕೆಟ್ಟು: ನೀರು ಮುಕ್ಕಾಲು ತುಂಬುತ್ತಿದ್ದಂತೆ ಸೀಳಿನಿಂದ ಕಾರಂಜಿಯಂತೆ ಚಿಮ್ಮಿ ಬಾಗಿಲಾಚೆ ಬರುತ್ತಿತ್ತು. ಕಾಸರಗೋಡಿನ ಹುಡುಗಿ ಬುದ್ಧಿವಂತೆ. ಬಂದ ಕೂಡಲೇ ಎಲ್ಲದರ ಫೋಟೊ ಹೊಡೆದಿಟ್ಟುಕೊಂಡಿದ್ದಳು. ಏಕೆ ಎಂದು ಕೇಳಿದೆ. "ಹಾಸ್ಟೆಲಿನಲ್ಲಿ ಕಲ್ತದ್ದು" ಎಂದಳು. ನೀವೂ ಕಲಿಯಿರಿ. ಬ್ಯಾಗು ಬಿಚ್ಚುವ ಮುಂಚೆ ಫೋಟೊ.

ಚಿಲಕದ ಬಗ್ಗೆ ಕೆಳಗೆ ಹೇಳಿದೆವು. ಬಡಗಿ ನಾಳೆ ಬರುತ್ತಾನೆ ಎಂದರು. ಬೇರೆ ಕೋಣೆ ಕೊಡಿ ಎಂದರೆ, ಮದುವೆ ಪಾರ್ಟಿ ಇದೆ, ಫುಲ್. ಎರಡು ರಾತ್ರಿಯೂ ಬಾಗಿಲಿಗೆ ಕುರ್ಚಿ ಒತ್ತಿಟ್ಟು, ಅದರ ಮೇಲೆ ನನ್ನ ಬ್ಯಾಗು, ಬ್ಯಾಗಿನ ಮೇಲೆ ಸ್ಟೀಲ್ ಲೋಟ ಇಟ್ಟು ಮಲಗಿದೆವು. ಬಾಗಿಲು ಅಲುಗಿದರೆ ಲೋಟ ಬೀಳಲಿ ಎಂದು. ಮೊದಲ ರಾತ್ರಿ ಎರಡು ಗಂಟೆಗೆ ಲೋಟ ಬಿತ್ತು. ಯಾರೋ ಮದುವೆಯ ಗಂಡಸರು ಕೋಣೆ ತಪ್ಪಿ ತಳ್ಳಿದ್ದರು. "ಸಾರಿ ಸಾರಿ" ಎನ್ನುತ್ತ ಹೋದರು. ಆಮೇಲೆ ಇಬ್ಬರಿಗೂ ನಿದ್ದೆಯಿಲ್ಲ. ಅವಳು ಬೇಕಲದ ಕೋಟೆಯ ಬಗ್ಗೆ, ಕನ್ನಡ ಶಾಲೆಗಳ ಬಗ್ಗೆ ಹೇಳುತ್ತಿದ್ದಳು, ನಾನು ಕೇಳುತ್ತಿದ್ದೆ. ಆ ರಾತ್ರಿಯಿಂದ ಸಿಕ್ಕ ಒಳ್ಳೆಯದೆಂದರೆ ಅದೊಂದೇ.

ಬಿಸಿನೀರಿಗೆ ಬಚ್ಚಲ ಬಾಗಿಲ ಮೇಲೆ ಚೀಟಿ: 'ಬೆಳಿಗ್ಗೆ 6ರಿಂದ 9.' ತಾರಸಿಯ ಮೇಲೆ ಸೋಲಾರ್. ಹಿಂದಿನ ದಿನ ಬಿಸಿಲಲ್ಲಿ ಕಾದ ನೀರೇ ಮರುದಿನ ಬೆಳಗ್ಗೆ ಬರಬೇಕು, ಟ್ಯಾಂಕ್ ಖಾಲಿಯಾದರೆ ಮುಗಿಯಿತು. ಐದು ಮುಕ್ಕಾಲಕ್ಕೇ ನೀಲಿ ಸ್ವೆಟರಿನ ಮಕ್ಕಳು ಸ್ನಾನಕ್ಕೆ ಇಳಿದಿದ್ದರು. ಆರಕ್ಕೆ ನಾನು ನಲ್ಲಿ ತಿರುಗಿಸಿದಾಗ ಬಂದದ್ದು ಕೊಡಗಿನ ತೊರೆಯ ನೀರು. ರೂಮ್ ಬಾಯ್ ಅಡುಗೆಮನೆಯಿಂದ ಒಂದು ಬಕೆಟ್ ಕಾಯಿಸಿದ ನೀರು ಹೊತ್ತು ತಂದ, ಮೂರು ಮಹಡಿ, ಮೆಟ್ಟಿಲ ಮೇಲೆ. ಲಿಫ್ಟ್ ಕೆಟ್ಟಿತ್ತು. ಐವತ್ತು ರೂಪಾಯಿ ಕೊಟ್ಟೆವು. ಹಿಂದಿನ ಸಂಜೆಯೂ ಅವನೇ ಇದ್ದ, ರಾತ್ರಿಯೂ ಅವನೇ, ಈಗಲೂ ಅವನೇ. ಅವನ ಮೇಲೆ ಸಿಟ್ಟು ಮಾಡುವುದು ಸುಲಭ, ಎದುರಿಗೆ ಸಿಗುವವನು ಅವನೊಬ್ಬನೇ. ಮಾಡಬೇಡಿ.

ಉಪಾಹಾರದ್ದು ಬೇರೆ ತಮಾಷೆ. ಉಳಿದ ಅತಿಥಿಗಳಿಗೆ ದೋಸೆ, ಪೂರಿ. ಗುಲಾಬಿ ಕೂಪನ್ನಿನ ನಮಗೆ ಉಪ್ಪಿಟ್ಟು, ಎರಡೂ ದಿನ. ಎರಡನೇ ದಿನ ಅದು ಮೊದಲ ದಿನದ್ದೇ ಇರಬಹುದೆಂಬ ಅನುಮಾನ ಇನ್ನೂ ಇದೆ.

ಸಿಟ್ಟು ನೆತ್ತಿಗೇರಿದ್ದು ಶನಿವಾರ ರಾತ್ರಿ. ಆ ನಿವೃತ್ತ ಪ್ರಾಧ್ಯಾಪಕರಿಗೂ ಮೂರನೇ ಮಹಡಿಯೇ. ಸಕ್ಕರೆ ಕಾಯಿಲೆ, ಮೊಣಕಾಲು ನೋವು. ಎರಡನೇ ಮಹಡಿಯ ತಿರುವಿನಲ್ಲಿ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದರು, ಕೈಯಲ್ಲಿ ಸಮ್ಮೇಳನದ ಚೀಲ, ಮೇಲೆ ಹಾಕಿದ ಶಾಲು ಹಾಗೇ ಇತ್ತು. ಬೆಳಗ್ಗೆಯಷ್ಟೇ ಅವರನ್ನು ವೇದಿಕೆಯ ಮೇಲೆ ಸನ್ಮಾನಿಸಿದ್ದರು. ನಾವು ಆರು ಜನ ಕೆಳಗಿಳಿದು ಮ್ಯಾನೇಜರನ್ನು ಕರೆಸಿದೆವು. ಅವರ ಉತ್ತರವನ್ನು ಹಾಗೆಯೇ ಬರೆದುಕೊಂಡಿದ್ದೇನೆ: "ನೀವು ನಮ್ಮ ಕಸ್ಟಮರ್ ಅಲ್ಲ ಸರ್. ನಮಗೆ ದುಡ್ಡು ಕೊಡೋದು ಸಂಘಟಕರು. ಕಂಪ್ಲೇಂಟ್ ಇದ್ರೆ ಅವ್ರು ಹೇಳ್ಬೇಕು." ಸಂಘಟಕರಿಗೆ ಫೋನು ಮಾಡಿದರೆ, "ರೂಮಿನ ವಿಷಯ ಹೋಟೆಲಿನವರಿಗೇ ಹೇಳಿ ಮೇಡಂ, ನಾವು ಪೂರ್ತಿ ಪೇಮೆಂಟ್ ಮಾಡಿದೀವಿ."

ಅಂದರೆ 4,500 ರೂಪಾಯಿ ಕೊಟ್ಟ ನಾನು ಯಾರ ಗಿರಾಕಿಯೂ ಅಲ್ಲ! ಕೌಂಟರಿನ ಹಿಂದೆ ದರಪಟ್ಟಿ ತೂಗುಹಾಕಿದ್ದರು, ಡಬಲ್ ರೂಮ್ ದಿನಕ್ಕೆ 1,800. ಎರಡು ರಾತ್ರಿಗೆ 3,600. ನಾವಿಬ್ಬರು ಕೊಟ್ಟದ್ದು 9,000. ಈ ಲೆಕ್ಕವನ್ನು ಕಾಸರಗೋಡಿನ ಹುಡುಗಿ ಗಟ್ಟಿಯಾಗಿಯೇ ಮಾಡಿದಳು. ಮ್ಯಾನೇಜರು ಆಗ ಮಾತ್ರ ಸ್ವಲ್ಪ ನಕ್ಕರು. ಮದುವೆಯವರನ್ನು ಕಾಡಿಬೇಡಿ ಪ್ರಾಧ್ಯಾಪಕರಿಗೆ ನೆಲಮಹಡಿಯ ಕೋಣೆ ಕೊಡಿಸಿದ್ದು ಕಲಬುರಗಿಯ ಮೇಷ್ಟ್ರು, ಹೋಟೆಲಿನವರಲ್ಲ.

ಭಾನುವಾರ ಹನ್ನೆರಡಕ್ಕೆ ಕೋಣೆ ಖಾಲಿ ಮಾಡಬೇಕು, ಸಮಾರೋಪ ನಾಲ್ಕಕ್ಕೆ, ನನ್ನ ರೈಲು ರಾತ್ರಿ. ಬ್ಯಾಗು ಲಾಬಿಯಲ್ಲಿಡಲು ಒಪ್ಪಲಿಲ್ಲ, ಅರ್ಧ ದಿನದ ಬಾಡಿಗೆ 900 ಕಟ್ಟಿ ಎಂದರು. ಒಪ್ಪಿಕೊಂಡೆವು. ಸಂಜೆ ಆರೂವರೆಗೆ ಬಿಲ್ಲು ಬಂತು. 900ಕ್ಕೆ ಶೇ. 12 ಜಿಎಸ್‌ಟಿ, ಶನಿವಾರ ಕೋಣೆಗೆ ತರಿಸಿದ ಚಪಾತಿ ಮೊಸರನ್ನದ 340ಕ್ಕೆ ಶೇ. 10 ಸೇವಾ ಶುಲ್ಕ, ಟವೆಲ್ ಕಲೆಗೆ 300 ದಂಡ. ಠೇವಣಿಯ ಸಾವಿರ ಅಲ್ಲಿಗಲ್ಲಿಗೇ ಮುಗಿದು, ಮೇಲೆ ನಾವೇ ಕೊಡಬೇಕಿತ್ತು.

ಟವೆಲಿಗೆ ಫೋಟೊ ಇತ್ತು, ಶುಕ್ರವಾರ ಮಧ್ಯಾಹ್ನದ ಸಮಯ ಸಮೇತ. ದಂಡ ಹೋಯಿತು. ಸೇವಾ ಶುಲ್ಕವನ್ನು ಬಿಲ್ಲಿಗೆ ತಾನಾಗಿ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಇದು ಪತ್ರಿಕೆಯಲ್ಲಿ ಓದಿ ನೆನಪಿತ್ತು. "ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡ್ಲಾ?" ಎಂದದ್ದಕ್ಕೆ ಆ 34 ರೂಪಾಯಿಯೂ ಹೋಯಿತು. ಜಿಎಸ್‌ಟಿಯದು ಹುಡುಗಿಯ ಕಣ್ಣಿಗೆ ಬಿತ್ತು. ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ 2025ರ ಸೆಪ್ಟೆಂಬರ್ 22ರಿಂದ ಶೇ. 5 ಮಾತ್ರ. "ಸಾಫ್ಟ್‌ವೇರ್ ಹಳೇದು" ಎಂದರು. ಮೂರು ತಿಂಗಳಿಂದ ಎಷ್ಟು ಜನರಿಗೆ ಹಳೇದೋ. ಪೆನ್ನಿನಿಂದ ತಿದ್ದಿಕೊಡಲು ಬಂದರು, ಬೇಡವೆಂದು ಹೊಸ ಬಿಲ್ಲು ಮುದ್ರಿಸಿಕೊಂಡೆವು. ಪೆನ್ನಿನ ತಿದ್ದುಪಡಿಯನ್ನು ಯಾವ ಕಚೇರಿಯ ಗುಮಾಸ್ತರೂ ಒಪ್ಪುವುದಿಲ್ಲ.

ಅಷ್ಟರಲ್ಲಿ ಏಳೂಮುಕ್ಕಾಲು. ಭಾನುವಾರ ಸಂಜೆ ಏಳಕ್ಕೆ ಅರಮನೆಗೆ ದೀಪ ಹಾಕುತ್ತಾರೆ, ಅದನ್ನೊಂದು ನೋಡಿಕೊಂಡೇ ರೈಲು ಹತ್ತಬೇಕೆಂದು ಊರಿಂದಲೇ ಆಸೆ ಇಟ್ಟುಕೊಂಡು ಬಂದಿದ್ದೆ. ನೀಲಿ ಸ್ವೆಟರಿನ ಮಕ್ಕಳು ದೀಪ ನೋಡಿ ಬಂದು, ನಮ್ಮ ಪಕ್ಕದಲ್ಲೇ ಗಲಾಟೆ ಮಾಡುತ್ತ ಮೆಟ್ಟಿಲು ಹತ್ತಿದರು.

ಊರಿಗೆ ಬಂದ ಮೇಲೆ ಶುರುವಾದದ್ದು ಎರಡನೇ ಅಧ್ಯಾಯ. ಓ.ಓ.ಡಿ., ಅಂದರೆ ಕಚೇರಿ ಕೆಲಸದ ಮೇಲೆ ಹೋದದ್ದೆಂದು ಲೆಕ್ಕವಾಗುವ ರಜೆಗೆ ಹಾಜರಾತಿ ಪತ್ರ ಸಾಕಾಯಿತು. ವಸತಿಯ 4,500 ಮರುಪಾವತಿಗೆ ಮಾತ್ರ ನನ್ನ ಹೆಸರಿನ ಬಿಲ್ಲು ಬೇಕು. ಹೋಟೆಲಿನ ಬಿಲ್ಲು ಸಂಘಟಕರ ಹೆಸರಿಗೆ, ಎಲ್ಲ ಕೋಣೆಗೂ ಸೇರಿ ಒಂದೇ. ನನ್ನ ಬಳಿ ಹೆಬ್ಬೆರಳು. ಹಣ ಕಟ್ಟುವ ದಿನವೇ ನಿಮ್ಮ ಹೆಸರಿನಲ್ಲಿ, ವಸತಿಯ ಮೊತ್ತ ಬೇರೆಯಾಗಿ ಕಾಣಿಸುವ ರಸೀದಿ ಪಡೆಯಿರಿ. ಆಮೇಲೆ ಕೇಳಿದರೆ ಎಲ್ಲರೂ ಮುಂದಿನ ಸಮ್ಮೇಳನದ ಗಡಿಬಿಡಿಯಲ್ಲಿರುತ್ತಾರೆ.

ಹೋಟೆಲಿಗೂ ಸಂಘಟಕರಿಗೂ ಒಂದೇ ಇಮೇಲ್ ಹಾಕಿದೆ, ಫೋಟೊ ಸಮೇತ. ಹತ್ತು ದಿನ ಸದ್ದಿಲ್ಲ. ಆಮೇಲೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಬಿಲ್ ನಿಮ್ಮ ಹೆಸರಲ್ಲಿದೆಯೇ ಎಂದು ಅವರೂ ಕೇಳಿದರು. ಇಲ್ಲ ಎನ್ನುವಾಗ ಮ್ಯಾನೇಜರ ನಗು ನೆನಪಾಯಿತು. ಆದರೆ ಈ ಸಲ ನಾನು ಕೇಳಿ ತಿಳಿದುಕೊಂಡಿದ್ದೆ. ನಮ್ಮ ಓಣಿಯ ವಕೀಲರೊಬ್ಬರು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ತೆಗೆದು ತೋರಿಸಿದ್ದರು: ಹಣ ಕೊಟ್ಟು ಸೇವೆ ಗೊತ್ತುಮಾಡಿದವರಷ್ಟೇ ಗ್ರಾಹಕರಲ್ಲ, ಅವರ ಒಪ್ಪಿಗೆಯಿಂದ ಆ ಸೇವೆ ಪಡೆದ ಫಲಾನುಭವಿಯೂ ಗ್ರಾಹಕನೇ. ಆ ಸಾಲು ಓದಿದಾಗ ಮೈಸೂರಿಗೆ ಮರಳಿ ಹೋಗಿ ಕೌಂಟರಿನ ಮೇಲೆ ಅಂಟಿಸಿ ಬರಬೇಕೆನಿಸಿತು. ಸಹಾಯವಾಣಿ ದೂರು ದಾಖಲಿಸಿ ನಂಬರು ಕೊಟ್ಟಿತು.

ಗೊತ್ತಿರಲಿ, ಸಹಾಯವಾಣಿ ನ್ಯಾಯಾಲಯವಲ್ಲ. ದೂರನ್ನು ಎದುರಿನವರಿಗೆ ಕಳಿಸಿ ಉತ್ತರ ತರಿಸಿಕೊಡುತ್ತದೆ, ಅಷ್ಟೇ. ಅದರಿಂದ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಮೈಸೂರಿಗೆ ಅಲೆಯಬೇಕಿಲ್ಲ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಹಾಕಬೇಕು. ಇ-ಜಾಗೃತಿ ಜಾಲತಾಣದಲ್ಲಿ ಕೂತಲ್ಲಿಂದಲೇ ಆಗುತ್ತದೆ. ನಾನು ಅಲ್ಲಿಯವರೆಗೆ ಹೋಗಲಿಲ್ಲ. ಹೋಗುತ್ತೇನೆಂದು ಇಮೇಲಿನಲ್ಲಿ ಬರೆದದ್ದೇ ಕೆಲಸ ಮಾಡಿತೋ, ಸಹಾಯವಾಣಿಯ ಪತ್ರ ಕೆಲಸ ಮಾಡಿತೋ, ಮೂರನೇ ವಾರ ಸಂಘಟಕರೇ ಫೋನು ಮಾಡಿದರು. ಒಂದು ರಾತ್ರಿಯ ಲೆಕ್ಕ ಎಂದು ತಲೆಗೆ 1,500 ವಾಪಸ್ ಹಾಕಿದರು. ಕಾಸರಗೋಡಿನ ಹುಡುಗಿಗೂ ಬಂತು, ಕುಣಿಯುವ ಬೊಂಬೆಯ ಚಿತ್ರ ಕಳಿಸಿದಳು. ಹೋಟೆಲಿನವರು 'ಅತಿಥಿಗಳ ಅಭಿಪ್ರಾಯಕ್ಕೆ ಧನ್ಯವಾದ' ಎಂದು ಒಂದು ಸಾಲು ಬರೆದರು. ಚಿಲಕದ ಪ್ರಸ್ತಾಪವಿರಲಿಲ್ಲ.

ಉಳಿದ 3,000ಕ್ಕೆ ಕಾಲೇಜು ಒಂದು ದಾರಿ ಹೇಳಿತು: ಇವರು ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ನಮ್ಮ ವ್ಯವಸ್ಥೆಯಲ್ಲಿ ತಂಗಿದ್ದರು, ಇಷ್ಟು ಹಣ ಪಡೆದಿದ್ದೇವೆ ಎಂದು ಸಂಘಟಕರ ಲೆಟರ್‌ಹೆಡ್ಡಿನಲ್ಲಿ ಸಹಿ ಮೊಹರಿನ ಪತ್ರ. ನಾಲ್ಕು ಸಲ ನೆನಪಿಸಿದ ಮೇಲೆ ಕಳೆದ ವಾರ ಬಂತು. ಸಹಿ ಇತ್ತು, ಮೊಹರು ಇತ್ತು, ತಾರೀಖು ಸರಿಯಿತ್ತು, ಎರಡು ರಾತ್ರಿ ಎಂದೇ ಇತ್ತು. ಕಣ್ಣಾಡಿಸಿ ಲೆಕ್ಕಪತ್ರ ವಿಭಾಗಕ್ಕೆ ಕೊಟ್ಟು ನಿಟ್ಟುಸಿರು ಬಿಟ್ಟೆ.

ಮಧ್ಯಾಹ್ನ ಊಟಕ್ಕೆ ಡಬ್ಬಿ ಬಿಚ್ಚಿ ರೊಟ್ಟಿ ಮುರಿಯುತ್ತಿದ್ದೆ, ಗುಮಾಸ್ತರು ಪತ್ರ ಹಿಡಿದು ಸ್ಟಾಫ್ ರೂಮಿನ ಬಾಗಿಲಿಗೆ ಬಂದರು. ಎರಡನೇ ಸಾಲಿನ ಮೇಲೆ ಬೆರಳಿಟ್ಟಿದ್ದರು.

"ಮೇಡಂ, 'ಶ್ರೀ ವಿಜಯ ಅವರು' ಅಂತದ. ಇವರು ಯಾರ್ರೀ?"